‘ಬೇಡ’ ಅನ್ನೋಕೂ ಒಂದು ಗುರುತು ಬೇಕಿತ್ತು: ಬ್ಲಿಸ್ ಸಂಕೇತಗಳ ಕಥೆ

ಇವತ್ತು ಒಂದು ಚಿಕ್ಕ ಆಟದಿಂದ ಶುರು ಮಾಡೋಣ. ಫೋನ್ ಕೈಯಲ್ಲೇ ಇದೆಯಲ್ಲ? ವಾಟ್ಸಾಪ್ ತೆಗೀರಿ. ಒಂದಕ್ಷರವನ್ನೂ ಟೈಪ್ ಮಾಡದೆ, ಬರೀ ಇಮೋಜಿಯಲ್ಲಿ ಈ ಮಾತನ್ನು ಯಾರಿಗಾದರೂ ಕಳಿಸಿ ನೋಡಿ: ‘ನಿನ್ನೆ ನಂಗೆ ಹೊಟ್ಟೆನೋವಿತ್ತು, ಈಗ ಪರವಾಗಿಲ್ಲ, ಆದರೆ ಅಮ್ಮಂಗೆ ಹೇಳಬೇಡ.’

ಹೊಟ್ಟೆನೋವು ಹೇಗೋ ಆಗುತ್ತೆ. ಅಮ್ಮನೂ ಸಿಗ್ತಾಳೆ. ಆದರೆ ‘ನಿನ್ನೆ’ಗೆ ಏನು ಹಾಕ್ತೀರಿ? ‘ಆದರೆ’ಗೆ? ‘ಹೇಳಬೇಡ’ ಅನ್ನೋದಕ್ಕೆ?

ನಮಗೆ ಇದು ತಮಾಷೆ. ಸೋತರೆ ಟೈಪ್ ಮಾಡ್ತೀವಿ, ಇಲ್ಲ ವಾಯ್ಸ್ ನೋಟ್ ಕಳಿಸ್ತೀವಿ. ಬಾಯಲ್ಲಿ ಮಾತು ಬಾರದ, ಕೈ ಹಿಡಿತಕ್ಕೆ ಸಿಗದ, ಇನ್ನೂ ಓದೋಕೆ ಕಲಿಯದ ಐದಾರು ವರ್ಷದ ಮಗುವಿಗೆ ಮಾತ್ರ ಇದು ದಿನಾ ಎದುರಾಗೋ ಗೋಡೆ. ಆ ಗೋಡೆಯಲ್ಲಿ ಒಂದು ಬಾಗಿಲು ತೆರೆದ ಕಥೆಯನ್ನು ಇವತ್ತು ಹೇಳ್ತೀನಿ. ಬಾಗಿಲು ಮಾಡಿದವರಿಗೂ ಅದರಿಂದ ಹೊರಬಂದ ಮಕ್ಕಳ ಪರವಾಗಿ ನಿಂತವರಿಗೂ ಆಮೇಲೆ ದೊಡ್ಡ ಜಗಳವೇ ಆಯಿತು. ನನಗೆ ಈ ಚರಿತ್ರೆಯಲ್ಲಿ ಕಾಡೋದು ಆ ಜಗಳವೇ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಮಾತು ಬೇರೆ, ಭಾಷೆ ಬೇರೆ. ನಾಲಗೆ, ತುಟಿ, ಗಂಟಲು, ಉಸಿರು ಎಲ್ಲ ಕೂಡಿ ಹೊರಡಿಸೋ ಸದ್ದು ಮಾತು. ಅದರ ಹಿಂದೆ ತಲೆಯಲ್ಲಿರೋ ಪದಗಳು, ಅವನ್ನು ಜೋಡಿಸೋ ರೀತಿ, ಅರ್ಥ, ಅದು ಭಾಷೆ. ಕೆಲವು ಮಕ್ಕಳಿಗೆ ಭಾಷೆಯನ್ನು ಕಲಿಯೋದೇ ಕಷ್ಟ. ಇನ್ನು ಕೆಲವರಿಗೆ ಎಲ್ಲ ಅರ್ಥ ಆಗುತ್ತೆ, ಹೇಳೋಕೆ ಸ್ನಾಯುಗಳು ಬಿಡಲ್ಲ. ಸೆರೆಬ್ರಲ್ ಪಾಲ್ಸಿ ಇರೋ ಎಷ್ಟೋ ಮಕ್ಕಳ ಸ್ಥಿತಿ ಈ ಎರಡನೆಯದು. ಹೊರಗಿನಿಂದ ನೋಡೋರು ಎರಡನ್ನೂ ಒಂದೇ ಚೀಲಕ್ಕೆ ತುಂಬಿ, ‘ಮಾತಿಲ್ಲ ಅಂದ್ರೆ ಬುದ್ಧಿಯೂ ಇಲ್ಲ’ ಅಂದುಬಿಡ್ತಾರೆ.

1971ರಲ್ಲಿ ಕೆನಡಾದ ಟೊರೊಂಟೊ ನಗರದ ಒಂದು ಕೇಂದ್ರದಲ್ಲಿ ಇಂಥ ಮಕ್ಕಳಿದ್ದರು. ಅದರ ಹೆಸರು ಒಂಟಾರಿಯೊ ಕ್ರಿಪಲ್ಡ್ ಚಿಲ್ಡ್ರನ್ಸ್ ಸೆಂಟರ್. ಆ ಕಾಲದಲ್ಲಿ ಹೀಗೇ ಹೆಸರಿಡುತ್ತಿದ್ದರು. ಇವತ್ತು ಅದು ಹಾಲೆಂಡ್ ಬ್ಲೂರ್‌ವ್ಯೂ ಆಸ್ಪತ್ರೆ. ಅಲ್ಲಿನ ಶಿಕ್ಷಕಿ ಶರ್ಲಿ ಮೆಕ್‌ನಾಟನ್. ಆಗ ಇಂಥ ಮಕ್ಕಳಿಗೆ ಸಿಗುತ್ತಿದ್ದದ್ದು ಚಿತ್ರಗಳ ಹಲಗೆ. ನೀರಿನ ಲೋಟದ ಚಿತ್ರ, ಶೌಚಾಲಯದ ಚಿತ್ರ, ಹಾಸಿಗೆಯ ಚಿತ್ರ. ಮಗು ಅದರತ್ತ ಬೆರಳು ತೋರಿಸಬೇಕು, ಬೆರಳು ಆಗದಿದ್ದರೆ ಕಣ್ಣಲ್ಲಿ ತೋರಿಸಬೇಕು. ಅಂದರೆ ನೀರು ಕೇಳಬಹುದು. ‘ಈ ನೀರು ನಿನ್ನೆಯದು, ನಂಗೆ ಬೇಡ’ ಅನ್ನೋಕಾಗಲ್ಲ. ಜಗಳ ಆಡೋಕಾಗಲ್ಲ, ಸುಳ್ಳು ಹೇಳೋಕಾಗಲ್ಲ, ‘ಯಾಕೆ?’ ಅಂತ ಪ್ರಶ್ನೆ ಕೇಳೋಕಾಗಲ್ಲ. ‘ಯಾಕೆ’ ಅನ್ನೋದರ ಫೋಟೋ ಯಾರು ತೆಗೀತಾರೆ ಹೇಳಿ?

ಮೆಕ್‌ನಾಟನ್ ಮತ್ತು ಅವರ ಸಂಗಡಿಗರು ಚಿತ್ರಕ್ಕೂ ಅಕ್ಷರಕ್ಕೂ ನಡುವಿನ ಏನನ್ನಾದರೂ ಹುಡುಕುತ್ತಿದ್ದರು. ಸಂಕೇತಗಳ ಬಗ್ಗೆ ಬಂದಿದ್ದ ಒಂದು ಪುಸ್ತಕದಲ್ಲಿ ಅವರಿಗೆ ಒಂದು ಹೆಸರು ಸಿಕ್ಕಿತು: ಚಾರ್ಲ್ಸ್ ಬ್ಲಿಸ್.

ಈ ಬ್ಲಿಸ್ ಯಾರು? ಶಿಕ್ಷಕರಲ್ಲ, ವೈದ್ಯರಲ್ಲ. 1897ರಲ್ಲಿ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಚೆರ್ನೊವಿಟ್ಸ್ ಊರಲ್ಲಿ ಹುಟ್ಟಿದ ಯಹೂದಿ. ಆ ಊರು ಈಗ ಯುಕ್ರೇನ್‌ನಲ್ಲಿದೆ. ನಮ್ಮ ಕೋಲಾರ, ಬೀದರ್ ಕಡೆ ಇರೋ ಹಾಗೆ ಅಲ್ಲೂ ಒಂದೇ ಬೀದಿಯಲ್ಲಿ ನಾಲ್ಕೈದು ಭಾಷೆ. ಜೊತೆಗೆ ಭಾಷೆಯ ಹೆಸರಲ್ಲಿ ದ್ವೇಷ. ವಿಯೆನ್ನಾದಲ್ಲಿ ಓದಿ ಕೆಮಿಕಲ್ ಎಂಜಿನಿಯರ್ ಆದರು. 1938ರಲ್ಲಿ ನಾಜಿಗಳು ಅವರನ್ನು ಹಿಡಿದು ದಖಾವ್ ಶಿಬಿರಕ್ಕೆ, ಆಮೇಲೆ ಬುಖೆನ್‌ವಾಲ್ಡ್‌ಗೆ ತಳ್ಳಿದರು. ಅವರ ಹೆಂಡತಿ ಕ್ಲೇರ್ ಜರ್ಮನ್ ಕ್ಯಾಥೊಲಿಕ್. ಬಿಡದೆ ಓಡಾಡಿ ಗಂಡನನ್ನು ಬಿಡಿಸಿದರು. ಬಿಡುಗಡೆಯಾದವರು ಇಂಗ್ಲೆಂಡ್ ಸೇರಿದರು. ಅವರ ಮೂಲ ಹೆಸರು ಬ್ಲಿಟ್ಸ್. ಲಂಡನ್ ಮೇಲೆ ಜರ್ಮನಿಯ ಬಾಂಬು ಸುರಿಯೋದನ್ನೂ ಜನ ‘ಬ್ಲಿಟ್ಸ್’ ಅಂತಲೇ ಕರೆಯತೊಡಗಿದಾಗ, ಅವರು ಹೆಸರನ್ನೇ ಬ್ಲಿಸ್ ಅಂತ ಬದಲಿಸಿಕೊಂಡರು. ಬ್ಲಿಸ್ ಅಂದರೆ ಆನಂದ.

1940ರ ಕೊನೆಯಲ್ಲಿ ಗಂಡ ಹೆಂಡತಿ ಮತ್ತೆ ಸೇರಿದ್ದು ಶಾಂಘೈನಲ್ಲಿ. ಅಲ್ಲಿ ಅಂಗಡಿಗಳ ಬೋರ್ಡ್ ಮೇಲಿನ ಚೀನೀ ಬರಹ ಬ್ಲಿಸ್‌ರನ್ನು ಹಿಡಿದು ನಿಲ್ಲಿಸಿತು. ಸ್ವಲ್ಪ ಕಲಿತ ಮೇಲೆ ಅವರಿಗೆ ಒಂದು ವಿಷಯ ಹೊಳೆಯಿತು: ತಾನು ಇದನ್ನು ಓದುತ್ತಿರೋದು ಚೀನೀ ಭಾಷೆಯಲ್ಲಿ ಅಲ್ಲ, ನೇರವಾಗಿ ಜರ್ಮನ್‌ನಲ್ಲಿ! ಗುರುತು ಒಂದೇ, ಓದೋ ಭಾಷೆ ಯಾವುದಾದರೂ ಆಗಬಹುದು. ರಸಾಯನಶಾಸ್ತ್ರದ ಸೂತ್ರಗಳೂ ಹಾಗೇ ಅಲ್ವಾ? ಮೈಸೂರಲ್ಲೂ ಮಾಸ್ಕೋದಲ್ಲೂ ನೀರಿನ ಸೂತ್ರ ಒಂದೇ. ಹಾಗಾದರೆ ಇಡೀ ಜಗತ್ತಿಗೆ ಒಂದೇ ಬರಹ ಯಾಕಿರಬಾರದು? ಸುಳ್ಳು ಪ್ರಚಾರಕ್ಕೆ, ಹಿಟ್ಲರ್‌ನ ಭಾಷಣಗಳಿಗೆ ಪದಗಳೇ ಆಯುಧ ಆಗಿದ್ದನ್ನು ಕಂಡವರು ಅವರು. ಪದ ಮೋಸ ಮಾಡುತ್ತೆ, ತರ್ಕಬದ್ಧವಾದ ಗುರುತು ಮೋಸ ಮಾಡಲ್ಲ ಅನ್ನೋದು ಅವರ ನಂಬಿಕೆ.

ಯುದ್ಧ ಮುಗಿದ ಮೇಲೆ, 1946ರಲ್ಲಿ ದಂಪತಿ ಆಸ್ಟ್ರೇಲಿಯಾಕ್ಕೆ ಹೋದರು. ಅಲ್ಲಿ ಅವರ ಡಿಗ್ರಿಗೆ ಬೆಲೆ ಸಿಗಲಿಲ್ಲ. ಕಾರ್ಖಾನೆಯಲ್ಲಿ ದುಡಿದು, ಬಿಡುವಿನಲ್ಲಿ ಬರೆದರು. 1949ರಲ್ಲಿ ಪುಸ್ತಕ ಬಂತು, ಹೆಸರು ‘ಸೆಮ್ಯಾಂಟೊಗ್ರಫಿ’. ಕ್ಲೇರ್ ವಿಶ್ವವಿದ್ಯಾಲಯಗಳಿಗೆ, ವಿದ್ವಾಂಸರಿಗೆ ಸುಮಾರು 6,000 ಪತ್ರ ಕಳಿಸಿದರು. ಯಾರೂ ತಲೆ ಹಾಕಲಿಲ್ಲ. 1961ರಲ್ಲಿ ಕ್ಲೇರ್ ತೀರಿಕೊಂಡರು.

ಅದಾಗಿ ಹತ್ತು ವರ್ಷಕ್ಕೆ ಟೊರೊಂಟೊದ ಮಕ್ಕಳ ಕೈಗೆ ಆ ಗುರುತುಗಳು ಸಿಕ್ಕವು.

ಅದು ಕೆಲಸ ಮಾಡೋ ರೀತಿ ಹೀಗೆ. ಮೂಲ ಆಕಾರಗಳು ಸುಮಾರು 100. ಅಲೆಯಂಥ ಗೆರೆ ಅಂದರೆ ನೀರು. ಅದರ ಜೊತೆ ಕೆಳಮುಖದ ಬಾಣ ಸೇರಿದರೆ ಮಳೆ. ಹೃದಯದ ಆಕಾರ ಅಂದರೆ ಭಾವನೆ. ಪಕ್ಕದಲ್ಲಿ ಮೇಲ್ಮುಖದ ಬಾಣ ಇಟ್ಟರೆ ಖುಷಿ, ಕೆಳಮುಖದ್ದಾದರೆ ದುಃಖ. ಗುರುತಿನ ನೆತ್ತಿಯ ಮೇಲೆ ಚಿಕ್ಕ ಟೋಪಿಯಂಥ ಚಿಹ್ನೆ ಹಾಕಿದರೆ ಅದು ಕ್ರಿಯೆ ಆಗುತ್ತೆ. ವೀಲ್‌ಚೇರ್‌ನ ತಟ್ಟೆಯ ಮೇಲೆ ಚೌಕಗಳ ಹಲಗೆ. ಪ್ರತಿ ಗುರುತಿನ ಜೊತೆ ಇಂಗ್ಲಿಷ್ ಪದ. ಮಗು ತೋರಿಸುತ್ತೆ, ಎದುರಿಗಿರೋರು ಓದ್ತಾರೆ.

ನನಗೆ ತುಂಬ ಇಷ್ಟವಾದ ಭಾಗ ಮುಂದಿನದು. ಹಲಗೆಯಲ್ಲಿ ಎಷ್ಟೇ ಗುರುತು ತುಂಬಿದರೂ ಸಾಲಲ್ಲ. ಅದಕ್ಕೆ ‘ಇದರ ವಿರುದ್ಧ’ ಅನ್ನೋ ಒಂದು ಗುರುತು ಬಂತು. ‘ವಿರುದ್ಧ’ ತೋರಿಸಿ ‘ಬಿಸಿ’ ತೋರಿಸಿದರೆ ತಣ್ಣಗೆ. ಇನ್ನೊಂದು, ‘ಜೋಡಿಸು’ ಅನ್ನೋ ಗುರುತು. ಅದನ್ನು ಮೊದಲಿಗೂ ಕೊನೆಗೂ ತೋರಿಸಿದರೆ, ‘ಈ ನಡುವಿನದೆಲ್ಲ ಸೇರಿ ನಾನು ಕಟ್ಟಿದ ಹೊಸ ಪದ’ ಅಂತ ಅರ್ಥ. ಯೋಚಿಸಿ ನೋಡಿ. ನೀರಿನ ಲೋಟದ ಚಿತ್ರ ತೋರಿಸಬೇಕಿದ್ದ ಮಗು ಈಗ ಪದ ಹುಟ್ಟಿಸಬಹುದು. ಬೇಡಿಕೆಯ ಪಟ್ಟಿ ಭಾಷೆ ಆಗೋದು ಆ ಕ್ಷಣದಲ್ಲಿ.

ಸುದ್ದಿ ಸಿಡ್ನಿಗೆ ಮುಟ್ಟಿತು. ವಯಸ್ಸಾದ ಬ್ಲಿಸ್ ಸಂಭ್ರಮದಿಂದ ಕೆನಡಾಗೆ ಬಂದರು, ಮಕ್ಕಳ ಜೊತೆ ಕುಣಿದಾಡಿದರು. 1974ರಲ್ಲಿ ಅವರ ಬಗ್ಗೆ ‘ಮಿಸ್ಟರ್ ಸಿಂಬಲ್ ಮ್ಯಾನ್’ ಅನ್ನೋ ಸಾಕ್ಷ್ಯಚಿತ್ರವೂ ಬಂತು. ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನ ಅನಿಸುತ್ತೆ, ಅಲ್ವಾ?

ಬ್ಲಿಸ್‌ಗೆ ಬೇಗನೇ ಕಿರಿಕಿರಿ ಶುರುವಾಯಿತು. ಶಿಕ್ಷಕರು ಹೊಸ ಗುರುತು ಸೇರಿಸುತ್ತಿದ್ದಾರೆ. ತಮ್ಮ ಗುರುತುಗಳನ್ನು ಇಂಗ್ಲಿಷ್ ವ್ಯಾಕರಣದ ಚೌಕಟ್ಟಿಗೆ ಕೂರಿಸುತ್ತಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳು ಇದನ್ನು ಏಣಿ ಮಾಡಿಕೊಂಡು ಇಂಗ್ಲಿಷ್ ಓದೋಕೆ ಹೋಗುತ್ತಿದ್ದಾರೆ! ಯಾವ ಪದಗಳಿಂದ ಜಗತ್ತನ್ನು ಬಿಡಿಸಬೇಕು ಅಂತ ಅವರು ಜೀವಮಾನ ಸವೆಸಿದ್ದರೋ, ಅದೇ ಪದಗಳತ್ತ.

ಮೆಕ್‌ನಾಟನ್ ಕಡೆಯಿಂದ ನೋಡಿ. ಈ ಮಕ್ಕಳು ಶಾಲೆಗೆ ಹೋಗಬೇಕು, ಪುಸ್ತಕ ಓದಬೇಕು, ಪಕ್ಕದ ಮನೆಯ ಮಕ್ಕಳ ಜೊತೆ ಬೆರೆಯಬೇಕು. ಅವರ ಸುತ್ತ ಇರೋ ಭಾಷೆ ಇಂಗ್ಲಿಷ್. ಅದಕ್ಕೆ ಕರೆದೊಯ್ಯದ ಗುರುತುಗಳು ಎಷ್ಟೇ ಚೆಂದ ಇದ್ದರೂ ಅವರನ್ನು ಮತ್ತೊಂದು ಕೋಣೆಯಲ್ಲಿ ಕೂಡಿಹಾಕಿದ ಹಾಗೆ. ಬ್ಲಿಸ್ ಪತ್ರದ ಮೇಲೆ ಪತ್ರ ಬರೆದರು, ವಕೀಲರನ್ನು ಹಿಡಿದರು. 1975ರಲ್ಲಿ ಒಂದು ಒಪ್ಪಂದ, ಅದು ನಿಲ್ಲದೆ 1982ರಲ್ಲಿ ಮತ್ತೊಂದು. ಕೊನೆಗೆ, ಮಾತಿನ ಮತ್ತು ಕಲಿಕೆಯ ತೊಂದರೆ ಇರೋರಿಗಾಗಿ ಈ ಗುರುತುಗಳನ್ನು ಬಳಸೋ ಶಾಶ್ವತ ಹಕ್ಕು ಟೊರೊಂಟೊದ ಸಂಸ್ಥೆಗೆ ಸಿಕ್ಕಿತು. ಬ್ಲಿಸ್ 1985ರಲ್ಲಿ ತೀರಿಕೊಂಡರು.

ಬ್ಲಿಸ್‌ರನ್ನು ಖಳನಾಯಕ ಮಾಡೋಕೆ ನನಗೆ ಮನಸ್ಸಿಲ್ಲ. ಶಿಬಿರ ಕಂಡು ಬಂದ ಮನುಷ್ಯ, ದೇಶವಿಲ್ಲದೆ ಅಲೆದವರು, ಅವರಿಗೆ ಉಳಿದಿದ್ದ ಆಸ್ತಿಯೇ ಅದು. ಆದರೆ ಭಾಷೆ ಅನ್ನೋದು ಮಾಡಿದವರ ಮಾತು ಕೇಳಲ್ಲ. ಆಡೋರ ಮಾತು ಕೇಳುತ್ತೆ. ಮಗು ತನಗೆ ಬೇಕಾದ ಹಾಗೆ ಬಾಗಿಸಿದಾಗಲೇ ಆ ಗುರುತುಗಳು ನಿಜವಾಗಿ ಭಾಷೆ ಆದವು. ಇವತ್ತು ಅವುಗಳ ಸಂಖ್ಯೆ 5,000 ದಾಟಿದೆ.

ಇದೇ ದಾರಿಯಲ್ಲಿ ಒಂದು ಹೊಸ ಕ್ಷೇತ್ರವೇ ಬೆಳೆಯಿತು. ಪೂರಕ ಮತ್ತು ಪರ್ಯಾಯ ಸಂವಹನ ಅಂತಾರೆ, ಚಿಕ್ಕದಾಗಿ ಎಎಸಿ. 1983ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು. ಸನ್ನೆ, ಚಿತ್ರದ ಕಾರ್ಡು, ಹಲಗೆ, ದನಿ ಹೊರಡಿಸೋ ಯಂತ್ರ, ಎಲ್ಲ ಇದರೊಳಗೆ ಬರುತ್ತೆ. ಬ್ಲಿಸ್ ಗುರುತುಗಳಿಗಿಂತ ಸುಲಭವಾಗಿ ಅರ್ಥವಾಗೋ ಚಿತ್ರಗಳು 1980ರ ದಶಕದಲ್ಲಿ ಬಂದು ಹೆಚ್ಚು ಹರಡಿದವು. ಆಮೇಲೆ 2009–10ರ ಸುಮಾರಿಗೆ ಸಾವಿರಾರು ಡಾಲರ್ ಯಂತ್ರದ ಕೆಲಸವನ್ನು ಫೋನ್, ಟ್ಯಾಬ್ಲೆಟ್ಟಿನ ಆ್ಯಪ್‌ಗಳು ಮಾಡತೊಡಗಿದವು. ನಮ್ಮ ಪಕ್ಕದ ಚೆನ್ನೈನಲ್ಲಿ ಎಂಜಿನಿಯರ್ ಅಜಿತ್ ನಾರಾಯಣನ್ ಅವರ ತಂಡ, ವಿದ್ಯಾಸಾಗರ್ ಅನ್ನೋ ಸಂಸ್ಥೆಯ ಜೊತೆ ಸೇರಿ ‘ಆವಾಜ್’ ಮಾಡಿದ್ದೂ ಆ ಹೊತ್ತಿಗೇ.

ಈಗ ನಮ್ಮ ಮನೆಗಳ ಕಡೆ ಬರೋಣ. ಮಗು ಎರಡೂವರೆ ವರ್ಷವಾದರೂ ಮಾತಾಡದಿದ್ದರೆ ಏನಂತೀವಿ? ‘ಅವರಪ್ಪನಿಗೂ ಮಾತು ತಡವಾಗೇ ಬಂತು ಬಿಡಿ.’ ಅಜ್ಜಿ ಬಜೆ ತೇಯ್ದು ನಾಲಗೆಗೆ ಹಚ್ತಾರೆ. ಯಾರಾದರೂ ಚಿತ್ರದ ಹಲಗೆ ಕೊಡಿ ಅಂದರೆ ಗಾಬರಿ: ‘ಅದು ಅಭ್ಯಾಸ ಆದ್ರೆ ಮಗು ಮಾತಾಡೋದೇ ಬಿಟ್ಟುಬಿಡುತ್ತೆ.’ ಈ ಭಯ ಟೊರೊಂಟೊದ ಕಾಲದಿಂದಲೂ ಇದೆ. 2006ರಲ್ಲಿ ಮಿಲ್ಲರ್, ಲೈಟ್ ಮತ್ತು ಶ್ಲೋಸರ್ ಅನ್ನೋ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಗಟ್ಟಿ ಪುರಾವೆ ಇದ್ದ 27 ಪ್ರಕರಣಗಳಲ್ಲಿ ಒಂದರಲ್ಲೂ ಮಾತು ಕಮ್ಮಿ ಆಗಿರಲಿಲ್ಲ. 89 ಶೇಕಡಾ ಮಂದಿಯಲ್ಲಿ ಮಾತು ಹೆಚ್ಚಾಗಿತ್ತು, ಬಹಳಷ್ಟು ಸಲ ಸ್ವಲ್ಪವೇ ಆದರೂ. ಕಾಯೋದರಲ್ಲೇ ಅಪಾಯ ಇದೆ. ಭಾಷೆ ಚಿಗುರೋ ವರ್ಷಗಳನ್ನು ಮಗು ಮೌನದಲ್ಲಿ ಕಳೆದರೆ ಅವು ಮತ್ತೆ ಬರಲ್ಲ.

ಕಾನೂನೂ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ‘ಸಂವಹನ’ ಅನ್ನೋ ಪದದ ವ್ಯಾಖ್ಯೆಯೊಳಗೇ ಈ ಪೂರಕ ಮತ್ತು ಪರ್ಯಾಯ ವಿಧಾನಗಳೂ ಸೇರಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್, 1960ರ ದಶಕದಿಂದಲೂ ಇದೆ. ಮಗುವಿನ ಮಾತಿನ ಬಗ್ಗೆ ಅನುಮಾನ ಬಂದರೆ ತೋರಿಸೋಕೆ ಜಾಗ ಇದೆ ಅಂತ ಗೊತ್ತಿರಲಿ.

ಇನ್ನೊಂದು ಕೆಲಸ ಮಾತ್ರ ನಮ್ಮದೇ. ಇಂಗ್ಲಿಷ್ ಹಲಗೆಯಲ್ಲಿ ‘ನೋ’ ಅಂತ ಒಂದು ಚೌಕ ಇರುತ್ತೆ. ಕನ್ನಡದಲ್ಲಿ ಅದು ಏನು? ಅನ್ನ ಸಾಕಾದರೆ ‘ಬೇಡ’. ಚೆಂಡು ಸಿಗದಿದ್ದರೆ ‘ಇಲ್ಲ’. ‘ಇದು ನಿಂದಾ?’ ಅಂದರೆ ‘ಅಲ್ಲ’. ಮೂರು ಬೇರೆ ಬೇರೆ ಮಾತು. ಮೂರಕ್ಕೂ ಒಂದೇ ಚೌಕ ಕೊಟ್ಟರೆ ನಮ್ಮ ಮಗುವಿಗೆ ಅರೆಬರೆ ಕನ್ನಡ ಕೊಟ್ಟ ಹಾಗೆ. ಇನ್ನು ‘ಅಮ್ಮ, ಅಮ್ಮನಿಗೆ, ಅಮ್ಮನ ಜೊತೆ’ ಅಂತ ಪದದ ಬಾಲ ಬದಲಾಗುತ್ತಲೇ ಇರುತ್ತೆ. ಇಂಗ್ಲಿಷ್ ಹಲಗೆಯ ಪದಗಳನ್ನು ಸುಮ್ಮನೆ ಅನುವಾದ ಮಾಡಿದರೆ ಇದು ಬಗೆಹರಿಯಲ್ಲ. ಟೊರೊಂಟೊದವರು ತಮ್ಮ ಮಕ್ಕಳಿಗಾಗಿ ಬ್ಲಿಸ್ ಗುರುತುಗಳನ್ನು ಬಾಗಿಸಿದ ಹಾಗೆ, ಕನ್ನಡದ ಮಕ್ಕಳಿಗಾಗಿ ಹಲಗೆಗಳನ್ನು ಬಾಗಿಸಬೇಕು. ಕೇಳುಗರಲ್ಲಿ ಕೋಡಿಂಗ್ ಗೊತ್ತಿರೋರು, ಡಿಸೈನ್ ಮಾಡೋರು, ಟೀಚರ್‌ಗಳು ಇದ್ದೀರಿ ಅಂತ ನನಗೆ ಗೊತ್ತು. ಇದನ್ನು ನಿಮಗೇ ಹೇಳ್ತಿದ್ದೀನಿ.

ಯಾವತ್ತಾದರೂ ಬಸ್ಸಲ್ಲೋ ಮದುವೆ ಮನೆಯಲ್ಲೋ ಹಲಗೆ ಅಥವಾ ಟ್ಯಾಬ್ ಹಿಡಿದ ಮಗು ಎದುರಾದರೆ ಒಂದೇ ಒಂದು ಕೆಲಸ ಮಾಡಿ. ಕಾಯಿರಿ. ವಾಕ್ಯವನ್ನು ನೀವೇ ಮುಗಿಸೋಕೆ ಹೋಗಬೇಡಿ, ಪಕ್ಕದಲ್ಲಿರೋ ಅಮ್ಮನನ್ನು ಕೇಳಬೇಡಿ. ನಮಗೆ ಎರಡು ಸೆಕೆಂಡಿನ ಮಾತು ಆ ಮಗುವಿಗೆ ಎರಡು ನಿಮಿಷ ಹಿಡಿಯಬಹುದು. ಅಷ್ಟು ಹೊತ್ತು ಅದರ ಬೆರಳನ್ನೇ ನೋಡ್ತಾ ನಿಲ್ಲಿ.