ಸತ್ತ ಸ್ಟಾಂಪಿನ ಬೆಲೆ

ನಮ್ಮಜ್ಜ ಮಲೆನಾಡಿನ ಒಂದು ಸಣ್ಣ ಹಳ್ಳಿಯ ಬ್ರಾಂಚ್ ಪೋಸ್ಟ್ ಮಾಸ್ಟರ್. ಪೋಸ್ಟಾಫೀಸು ಅಂದ್ರೆ ನಮ್ಮನೆ ಜಗಲಿಯ ಒಂದು ಮೂಲೆ. ಒಂದು ಮೇಜು, ಒಂದು ತಕ್ಕಡಿ, ಮಸಿ ಪ್ಯಾಡು, ಸೀಲು, ಅಷ್ಟೇ. ಅಜ್ಜ ಸೀಲು ಕುಟ್ಟುವ ಸದ್ದು ಅಡುಗೆಮನೆವರೆಗೂ ಕೇಳುತ್ತಿತ್ತು. "ಮುದ್ರೆ ಬಿತ್ತು ಅಂದ್ರೆ ಸ್ಟಾಂಪು ಸತ್ತ ಹಾಗೆ ಮಗಾ, ಆಮೇಲೆ ಅದಕ್ಕೆ ಕಾಸಿನ ಬೆಲೆ ಇಲ್ಲ" ಅನ್ನುತ್ತಿದ್ದ.

ಅದೇ ಅಜ್ಜನ ಮೊಮ್ಮಗ ನಾನು, ಎರಡು ವರ್ಷದ ಹಿಂದೆ ಹುಟ್ಟುವಾಗಲೇ ಸತ್ತಿದ್ದ ನಾಲ್ಕು ಸ್ಟಾಂಪಿಗೆ ಏಳು ಸಾವಿರ ರೂಪಾಯಿ ಕೊಟ್ಟೆ. ಐದನೇ ಜಾರ್ಜ್ ಪಟ್ಟಕ್ಕೆ ಬಂದು 25 ವರ್ಷ ಆಗಿದ್ದಕ್ಕೆ 1935ರಲ್ಲಿ ಸಿಲೋನಿನಲ್ಲಿ ಹೊರಬಂದ ನಾಲ್ಕು ಸ್ಟಾಂಪುಗಳ ಸೆಟ್ಟು ಅದು. ರಾಜನ ಮುಖ, ಪಕ್ಕದಲ್ಲಿ ವಿಂಡ್ಸರ್ ಕೋಟೆ, ಅದರ ಮೇಲೆ ಅಡ್ಡಡ್ಡಲಾಗಿ ಕಪ್ಪು ಮಸಿಯಲ್ಲಿ 'ಸ್ಪೆಸಿಮನ್' ಅಂತ ಇಂಗ್ಲಿಷ್ ಅಕ್ಷರ. ಅಂದ್ರೆ ಇದು ಮಾದರಿ ಮಾತ್ರ, ಕಾಗದಕ್ಕೆ ಅಂಟಿಸಿದರೆ ನಡೆಯೋದಿಲ್ಲ.

ಇಂಥ ಮಾದರಿ ಯಾಕೆ ಬೇಕಿತ್ತು ಅನ್ನೋದರಲ್ಲೇ ಮಜಾ ಇದೆ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಇವತ್ತಿನ ಯೂನಿವರ್ಸಲ್ ಪೋಸ್ಟಲ್ ಯೂನಿಯನ್ ಹುಟ್ಟಿದ್ದು ಅಲ್ಲಿಂದ. ಇಂಡಿಯಾ ಸೇರಿದ್ದು 1876ರಲ್ಲಿ. ಒಪ್ಪಂದದ ಜೀವಾಳ ಸರಳ: ಕಾಗದ ಕಳಿಸುವ ದೇಶ ಸ್ಟಾಂಪಿನ ದುಡ್ಡು ಪೂರ್ತಿ ತಾನೇ ಇಟ್ಟುಕೊಳ್ಳುತ್ತಿತ್ತು, ತಲುಪುವ ದೇಶ ಅದನ್ನು ಮನೆಬಾಗಿಲಿಗೆ ಮುಟ್ಟಿಸುತ್ತಿತ್ತು. ಪ್ರತಿ ಕಾಗದಕ್ಕೂ ಲೆಕ್ಕ ಹಾಕಿ ಪಾಲು ಹಂಚಿಕೊಳ್ಳುವ ರಗಳೆ ಇರಲಿಲ್ಲ.

ಆದ್ರೆ ಬಾಂಬೆಯಲ್ಲಿ ಕೂತ ಗುಮಾಸ್ತನಿಗೆ ಯಾವುದೋ ದೂರದ ದ್ವೀಪದ ಸ್ಟಾಂಪು ಅಸಲಿಯೋ ನಕಲಿಯೋ ಗೊತ್ತಾಗೋದು ಹೇಗೆ? ಅದಕ್ಕೇ ಹೊಸ ಸ್ಟಾಂಪು ಬಂದಾಗಲೆಲ್ಲ ಅದರ ಪ್ರತಿಗಳನ್ನು ಬರ್ನ್ ಕಚೇರಿಗೆ ಕಳಿಸಬೇಕು, ಅಲ್ಲಿಂದ ಎಲ್ಲ ಸದಸ್ಯ ದೇಶಗಳಿಗೂ ಹಂಚಬೇಕು ಅನ್ನೋ ಪದ್ಧತಿ 1879ರಿಂದ ಶುರುವಾಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎಲ್ಲರ ಸರ್ವರಿನಲ್ಲೂ ಎಲ್ಲರ ಪಬ್ಲಿಕ್ ಕೀ.

ಕಳಿಸುವ ಸ್ಟಾಂಪಿನ ಮೇಲೆ ಏನಾದರೂ ಬರೆಯಲೇಬೇಕು ಅಂತ ನಿಯಮವೇನೂ ಇರಲಿಲ್ಲ. ಎಷ್ಟೋ ದೇಶಗಳು ಹಾಗೇ ಕಳಿಸಿದವು. ಬ್ರಿಟಿಷರು ಮಾತ್ರ ಹುಷಾರು. ನೂರಾರು ಪ್ರತಿ ಕೈಯಿಂದ ಕೈಗೆ ಹೋಗುವಾಗ ಯಾರಾದರೂ ಜೇಬಿಗೆ ಹಾಕಿಕೊಂಡರೆ? ಹಾಗಾಗಿ ತಮ್ಮ ವಸಾಹತುಗಳ ಸ್ಟಾಂಪಿನ ಮೇಲೆ 'ಸ್ಪೆಸಿಮನ್' ಅಂತ ಒತ್ತಿಸಿಯೇ ಕಳಿಸುತ್ತಿದ್ದರು. ಬಹುಪಾಲು ಕೆಲಸ ಲಂಡನ್ನಿನ ದೆ ಲಾ ರೂ ಮುದ್ರಣ ಕಂಪನಿಯದು. ಕೆಲವು ಕಡೆ ಸ್ಟಾಂಪು ಪಡೆದವರೇ ಮುದ್ರೆ ಹಾಕಿಕೊಂಡದ್ದೂ ಉಂಟು. ಪೋರ್ಚುಗೀಸರು ತಮ್ಮ ವಸಾಹತುಗಳ ಪಾಲಿಗೆ ಬಂದ ಮಾದರಿಗಳ ಮೇಲೆ 'ಅಲ್ಟ್ರಾಮಾರ್' ಅಂತ ಒತ್ತಿದರು. ಬ್ರಿಟಿಷ್ ವಸಾಹತುಗಳ ಈ ಪದ್ಧತಿ ನಿಂತಿದ್ದು 1948ರಲ್ಲಿ.

ಬೆಲೆಯ ಲೆಕ್ಕ ಇಲ್ಲೇ ಇದೆ. ಮಾಮೂಲಿ ಸ್ಟಾಂಪು ಲಕ್ಷಗಟ್ಟಲೆ ಅಚ್ಚಾಗುತ್ತೆ. ಮಾದರಿ ಪ್ರತಿಗಳು ಕೆಲವು ನೂರು ಮಾತ್ರ, ಅದರಲ್ಲೂ ಬಹಳಷ್ಟು ಆಯಾ ದೇಶದ ಅಂಚೆ ಇಲಾಖೆಯ ಪುಸ್ತಕಗಳಲ್ಲೇ ಅಂಟಿಕೊಂಡು ಉಳಿದವು. ಹಾಗಾಗಿ ಸಸ್ತಾ ಸ್ಟಾಂಪಿನ ಸ್ಪೆಸಿಮನ್ ಮೂಲಕ್ಕಿಂತ ದುಬಾರಿ. ದುಬಾರಿ ಸ್ಟಾಂಪಿಗೆ ಬಂದರೆ ಲೆಕ್ಕ ಉಲ್ಟಾ. 1920ರ ದಶಕದಲ್ಲಿ ಕೆನ್ಯಾ-ಉಗಾಂಡಾದಲ್ಲಿ 100 ಪೌಂಡಿನ ಒಂದು ಸ್ಟಾಂಪು ಬಂದಿತ್ತು. ಬಳಸದ ಅಸಲಿ ಪ್ರತಿಗೆ ಇವತ್ತು ರೂಪಾಯಿಯಲ್ಲಿ ಲಕ್ಷಗಟ್ಟಲೆ. ಸ್ಪೆಸಿಮನ್ ಪ್ರತಿ ಅದರ ಸಣ್ಣದೊಂದು ಪಾಲಿಗೇ ಸಿಗುತ್ತೆ.

ಮೋಸವೂ ಇದೇ ಗಣಿತದ ಮೇಲೆ ನಡೆಯುತ್ತೆ. ಸ್ಟಾಂಪು ಸಸ್ತಾ ಇದ್ದಲ್ಲಿ ಅಕ್ಷರ ಸೇರಿಸುತ್ತಾರೆ, ದುಬಾರಿ ಇದ್ದಲ್ಲಿ ಅಳಿಸುತ್ತಾರೆ. ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಯಾವ ಕಡೆಗೆ ಮೋಸ ಮಾಡಿದರೆ ಲಾಭ?

ನಾನು ಆ ಪ್ರಶ್ನೆ ಕೇಳಿರಲಿಲ್ಲ. ಕೊಂಡು ಮೂರು ತಿಂಗಳಾದ ಮೇಲೆ, ಪರಿಚಯದ ಹಿರಿಯ ಸಂಗ್ರಹಕಾರರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಭೂತಗನ್ನಡಿಯನ್ನೂ ಎತ್ತಿಕೊಳ್ಳಲಿಲ್ಲ. "ಎಷ್ಟು ಕೊಟ್ರಿ?" ಅಂದ್ರು. ಹೇಳಿದೆ. ಸುಮ್ಮನೆ ಎದ್ದು ಹೋಗಿ ತಮ್ಮ ಆಲ್ಬಮ್ ತಂದು ಅದೇ ಸೆಟ್ಟು ತೆರೆದರು. ಅದರಲ್ಲಿ ಮಸಿಯೇ ಇರಲಿಲ್ಲ. ಸಣ್ಣ ಸಣ್ಣ ತೂತುಗಳ ಸಾಲಿನಲ್ಲಿ ಆ ಪದ ಕೊರೆದಿತ್ತು.

ಆಮೇಲೆ ಓದಿ ತಿಳಿದುಕೊಂಡೆ. 1920ರ ದಶಕ ಮುಗಿಯುವ ಹೊತ್ತಿಗೆ ಮುದ್ರಕರು ವಸಾಹತುಗಳ ಸ್ಪೆಸಿಮನ್ ಪ್ರತಿಗಳಿಗೆ ಮಸಿ ಬಿಟ್ಟು ತೂತಿಗೆ ಬಂದಿದ್ದರು. ಮಸಿಯನ್ನು ತೊಳೆಯಬಹುದು, ತೂತನ್ನು ತೊಳೆಯೋಕಾಗಲ್ಲ. 1935ರ ಆ ಸೆಟ್ಟಿನ ಅಸಲಿ ಸ್ಪೆಸಿಮನ್ನುಗಳೆಲ್ಲ ತೂತಿನವೇ. ಯಾರೋ ಸಸ್ತಾ ಸ್ಟಾಂಪು ತಗೊಂಡು, ಹಳೆಯ ಪದ್ಧತಿಯ ಅಕ್ಷರ ಒತ್ತಿ, ನನಗೆ ಮಾರಿದ್ದರು. ಮಾರ್ಕಸ್ ಸ್ಯಾಮ್ಯುಯೆಲ್ 1976ರಲ್ಲಿ, ಜೇಮ್ಸ್ ಬೆಂಡನ್ 1988ರಲ್ಲಿ ಈ ವಿಷಯದ ಮೇಲೆ ಪೂರ್ತಿ ಪುಸ್ತಕವನ್ನೇ ಬರೆದಿದ್ದಾರೆ. ಯಾವ ಕಾಲಕ್ಕೆ ಯಾವ ಅಕ್ಷರ, ಎಷ್ಟು ಉದ್ದ, ಎಲ್ಲ ಅಲ್ಲಿದೆ. ಕೆಲಸದಲ್ಲಿ ಡಾಕ್ಯುಮೆಂಟೇಶನ್ ಓದದ ಜೂನಿಯರ್‌ಗಳಿಗೆ ಬೈಯುವವನು ನಾನು!

ಮಾರಿದವರಿಗೆ ಮೆಸೇಜ್ ಮಾಡಿದೆ, ಉತ್ತರ ಬರಲಿಲ್ಲ. ದುಡ್ಡು ಹೋದದ್ದಕ್ಕಿಂತ ಹೆಚ್ಚು ಬೇಜಾರಾದದ್ದು ಬೇರೆ ವಿಷಯಕ್ಕೆ. ಅಸಲಿಯನ್ನು ಗುರುತಿಸಲಿ ಅಂತಲೇ ಊರೂರಿಗೆ ಹಂಚಿದ ಮಾದರಿಯಲ್ಲೂ ನಕಲಿ!

ಹೋದ ವರ್ಷ ಒಂದು ಅಸಲಿ ಬಿಡಿ ಸ್ಟಾಂಪು ಸಿಕ್ಕಿತು, ಅದೇ ಸಿಲೋನಿನದು. ಈ ಸಲ ಆ ಹಿರಿಯರ ಕೈಲಿ ತೋರಿಸಿಯೇ ದುಡ್ಡು ಕೊಟ್ಟೆ. ಊರಿಗೆ ಹೋದಾಗ ಅಮ್ಮನಿಗೆ ತೋರಿಸಿದೆ. ಜಗಲಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯೋ, ತೂತು ಬಿದ್ದಿದೆಯಲ್ಲೋ" ಅಂದಳು. "ಅದಕ್ಕೇ ತಗೊಂಡಿದ್ದು" ಅಂದೆ. ಅಜ್ಜ ಇದ್ದಿದ್ದರೆ ಎರಡು ದಿನ ನಗುತ್ತಿದ್ದ.