ಮಕ್ಕಳ ಪಂಚಾಯತ್ ಮತ್ತು ಮಕ್ಕಳ ಗ್ರಾಮಸಭೆ (ಕುಂದಾಪುರ, ಬೈಂದೂರು, ಬ್ರಹ್ಮಾವರ)

ಗ್ರಾಮ ಪಂಚಾಯತ್ ವ್ಯಾಪ್ತಿಯ 18 ವರ್ಷದೊಳಗಿನ ಮಕ್ಕಳು ಮತ ಹಾಕಿ ಆರಿಸುವ ಪ್ರತಿನಿಧಿಗಳ ಸಭೆಗೆ ಮಕ್ಕಳ ಪಂಚಾಯತ್ ಎಂದು ಹೆಸರು. ಅದೇ ವ್ಯಾಪ್ತಿಯ ಮಕ್ಕಳು ಪಂಚಾಯತ್ ಅಧ್ಯಕ್ಷರು, ಸದಸ್ಯರು, ಅಧಿಕಾರಿಗಳ ಎದುರು ತಮ್ಮ ಅಹವಾಲು ಮಂಡಿಸುವ ವಾರ್ಷಿಕ ಸಭೆ ಮಕ್ಕಳ ಗ್ರಾಮಸಭೆ. ಎರಡೂ ರೂಪುಗೊಂಡದ್ದು ಉಡುಪಿ ಜಿಲ್ಲೆಯ ಹಳೆಯ ಕುಂದಾಪುರ ತಾಲೂಕಿನಲ್ಲಿ. ಊರಿನ ಸುರಕ್ಷತೆ ಹಾಗೂ ಎಳೆಯರ ಯೋಗಕ್ಷೇಮದ ಸೇವೆಗಳ ಮೇಲೆ ಸ್ಥಳೀಯ ಸಂಸ್ಥೆ ಕಣ್ಣಿಡಬೇಕಾದರೆ ಆ ಸೇವೆ ಪಡೆಯುವವರೇ ಲೆಕ್ಕ ಕೇಳಬೇಕು ಎಂಬ ವಿಚಾರ ಕರ್ನಾಟಕದಲ್ಲಿ ಮೊದಲು ಗಟ್ಟಿಯಾಗಿ ಪ್ರಯೋಗಕ್ಕೆ ಬಂದ ನೆಲ ಇದು.

ಆಡಳಿತದ ಹಿನ್ನೆಲೆ

ಉಡುಪಿ ಜಿಲ್ಲೆ 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟಾಗ ಅದರಲ್ಲಿದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲೂಕುಗಳು. ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಹೀಗಾಗಿ 1990ರ ದಶಕದ ಕಾಗದಪತ್ರಗಳಲ್ಲಿ ‘ಕುಂದಾಪುರ ತಾಲೂಕು’ ಎಂದಿರುವಲ್ಲಿ ಇಂದಿನ ಬೈಂದೂರೂ ಸೇರಿದೆ. ಕೋಟ, ಸಾಲಿಗ್ರಾಮ, ಬಾರ್ಕೂರು, ಬ್ರಹ್ಮಾವರದ ಕಡೆಗೆ ಈ ಪದ್ಧತಿ ಬಂದದ್ದು ತಡವಾಗಿ, ಇಡೀ ರಾಜ್ಯಕ್ಕೆ ಹೊರಟ ಸರಕಾರಿ ಆದೇಶದ ಮೂಲಕ.

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯತಿಗೆ ಮೂರು ಸ್ಥಾಯಿ ಸಮಿತಿಗಳನ್ನು ಕೊಟ್ಟಿದೆ: ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಸೌಕರ್ಯ ಸಮಿತಿ. ಮಹಿಳೆಯರ, ಮಕ್ಕಳ ಕ್ಷೇಮ ಸಾಮಾಜಿಕ ನ್ಯಾಯ ಸಮಿತಿಯ ಪಾಲು. ಶಾಲೆ, ಆರೋಗ್ಯ, ರಸ್ತೆಯ ಕೆಲಸ ಸೌಕರ್ಯ ಸಮಿತಿಯದು. ಪೊಲೀಸ್ ಠಾಣೆ ಯಾವ ಪಂಚಾಯತಿನ ಅಧೀನವೂ ಅಲ್ಲ. ಅಂಗನವಾಡಿ, ಶಾಲೆ, ಆಸ್ಪತ್ರೆಗಳ ಸಿಬ್ಬಂದಿಯೂ ತಮ್ಮ ತಮ್ಮ ಇಲಾಖೆಗೇ ಉತ್ತರದಾಯಿಗಳು. ಸಭೆಗೆ ಕರೆಸುವುದು, ಕೇಳುವುದು, ನಿರ್ಣಯ ಬರೆದು ಕಳಿಸುವುದು, ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಓದಿಸುವುದು ಪಂಚಾಯತಿನ ಕೈಲಿರುವ ಸಾಧನಗಳು. ನೋಡಲು ಸಣ್ಣವು. ಹಿಡಿದ ಹಟ ಬಿಡದೆ ಬಳಸಿದರೆ ಅವುಗಳಿಂದ ಏನಾಗಬಹುದು ಎಂಬುದನ್ನು ತೋರಿಸಿಕೊಟ್ಟವರು ಈ ಸೀಮೆಯ ಮಕ್ಕಳು.

ಹುಟ್ಟು

ಘಟ್ಟದ ಬುಡದಿಂದ ಕಡಲಿನವರೆಗೆ ಹಬ್ಬಿದ ಈ ಪ್ರದೇಶದಿಂದ ತಲೆಮಾರುಗಳ ಕಾಲ ಹುಡುಗರು ಬೆಂಗಳೂರು, ಮುಂಬೈಗಳ ಹೋಟೆಲುಗಳಿಗೆ ದುಡಿಯಲು ಹೋಗುತ್ತಿದ್ದರು. ಮೇಜು ಒರೆಸುವುದು, ಲೋಟ ತೊಳೆಯುವುದು, ರಾತ್ರಿ ಅಲ್ಲೇ ಅಂಗಡಿಯೊಳಗೆ ಮಲಗುವುದು. ಕರೆದುಕೊಂಡು ಹೋಗುತ್ತಿದ್ದವರು ಹೆಚ್ಚಾಗಿ ನೆಂಟರು, ಊರಿನವರು. ಆದ್ದರಿಂದ ಅದು ಯಾರ ಕಣ್ಣಿಗೂ ಅನ್ಯಾಯವಾಗಿ ಕಾಣುತ್ತಿರಲಿಲ್ಲ. ಮನೆಯಲ್ಲಿ ಒಂದು ಬಾಯಿ ಕಡಿಮೆ, ತಿಂಗಳಿಗಿಷ್ಟು ಮನಿಯಾರ್ಡರು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ನಡುವೆ ಕೆಲಸ ಶುರುಮಾಡಿದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಗೆ ಈ ಹೋಟೆಲ್ ಹುಡುಗರ ಊರು ಯಾವುದೆಂದು ತಿಳಿದಾಗ ಅದು ಕುಂದಾಪುರಕ್ಕೇ ಬಂತು. ನಗರದಲ್ಲಿ ಒಬ್ಬ ಹುಡುಗನನ್ನು ಬಿಡಿಸಿದರೆ ಅವನ ಜಾಗಕ್ಕೆ ಊರಿನಿಂದ ಇನ್ನೊಬ್ಬ ಬರುತ್ತಾನೆ. ಹರಿವನ್ನು ತಡೆಯಬೇಕಾದರೆ ಊರಿನಲ್ಲೇ ಕೆಲಸವಾಗಬೇಕು ಎಂಬುದು ನಂದನಾ ರೆಡ್ಡಿ, ದಾಮೋದರ ಆಚಾರ್ಯ ಮೊದಲಾದ ಅದರ ಸ್ಥಾಪಕರ ನಿಲುವು. ಕುಂದಾಪುರ ಬಳಿಯ ಕನ್ಯಾನದ ‘ನಮ್ಮ ಭೂಮಿ’ ಕೇಂದ್ರ, ಶಾಲೆ ಬಿಟ್ಟ ಮಕ್ಕಳಿಗೆ ವಸತಿಯೊಂದಿಗೆ ಕಸುಬಿನ ತರಬೇತಿ ನೀಡುವ ಜಾಗವಾಗಿ ಬೆಳೆಯಿತು.

1990ರ ಸುಮಾರಿಗೆ ದುಡಿಯುವ ಮಕ್ಕಳೇ ಕಟ್ಟಿಕೊಂಡ ‘ಭೀಮ ಸಂಘ’ ಈ ಸಂಸ್ಥೆಯ ಆಸರೆಯಲ್ಲಿ ಇಲ್ಲೂ ಬೇರೂರಿತು. ಅದರ ಮುಂದಿನ ಹೆಜ್ಜೆಯಾಗಿ 1990ರ ದಶಕದ ನಡುಭಾಗದಲ್ಲಿ ಮಕ್ಕಳ ಪಂಚಾಯತ್‌ಗಳು ಬಂದವು. ಕೆರಾಡಿ, ಆಲೂರು, ಬೆಳ್ವೆ, ಉಪ್ಪುಂದಗಳ ಹೆಸರು ಆ ದಿನಗಳ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಚುನಾವಣೆ ನಡೆಸುತ್ತಿದ್ದದ್ದು ದೊಡ್ಡವರ ಪಂಚಾಯತಿನ ಆಡಳಿತವೇ. ಚಿಹ್ನೆ, ಗುಪ್ತ ಮತದಾನ, ಎಣಿಕೆ ಎಲ್ಲವೂ ನಿಜದ ಚುನಾವಣೆಯಂತೆ. ಶಾಲೆಗೆ ಹೋಗುವವರು ಮಾತ್ರವಲ್ಲ, ದನ ಕಾಯುವ, ಕೂಲಿಗೆ ಹೋಗುವ, ಮನೆಯಲ್ಲಿ ತಂಗಿ ತಮ್ಮಂದಿರನ್ನು ನೋಡಿಕೊಳ್ಳುವ ಮಕ್ಕಳಿಗೂ ಅಲ್ಲಿ ಸ್ಥಾನವಿತ್ತು. ಶಾಲಾ ಸಂಸತ್ತಿಗೂ ಇದಕ್ಕೂ ಇರುವ ಅಂತರ ಇಲ್ಲಿದೆ: ಅತ್ಯಂತ ಅಪಾಯದಲ್ಲಿರುವ ಮಗು ಬಹುತೇಕ ಶಾಲೆಯ ಹಾಜರಿ ಪುಸ್ತಕದ ಹೊರಗೇ ಇರುತ್ತದೆ.

ಮಕ್ಕಳ ಪಂಚಾಯತಿಗೆ ಹಣವಿರಲಿಲ್ಲ, ಆದೇಶ ಹೊರಡಿಸುವ ಅಧಿಕಾರವೂ ಇರಲಿಲ್ಲ. ಅದರ ಜತೆಗೊಂದು ಕಾರ್ಯಪಡೆ ಇತ್ತು. ಪಂಚಾಯತ್ ಸದಸ್ಯರು, ಅಧಿಕಾರಿಗಳು, ಶಿಕ್ಷಕರು, ಊರಿನ ಹಿರಿಯರು, ಮಕ್ಕಳ ಪ್ರತಿನಿಧಿಗಳು ಒಂದೇ ಜಮಖಾನೆಯ ಮೇಲೆ ಕೂರುವ ಸಭೆ ಅದು. ಮಕ್ಕಳು ತಮ್ಮ ಊರಿನ ಸಮೀಕ್ಷೆ ಮಾಡಿ, ನಕ್ಷೆ ಬರೆದು, ಅಂಕಿಯಿಟ್ಟು ಮಾತಾಡುತ್ತಿದ್ದರು. ಯಾವ ಕೆಲಸ ಯಾರದು, ಎಂದಿಗೆ ಮುಗಿಯಬೇಕು ಎಂಬುದು ಅಲ್ಲೇ ತೀರ್ಮಾನವಾಗಬೇಕಿತ್ತು. ಹೇಳಿಕೊಳ್ಳಲು ಅಂಜುವ ಸಂಗತಿಗಳಿಗಾಗಿ, ಅಂದರೆ ಹೊಡೆತ, ಕಿರುಕುಳ, ಬಲವಂತದ ಮದುವೆಯಂಥ ವಿಷಯಗಳಿಗಾಗಿ, ಮಕ್ಕಳು ತಾವೇ ನಂಬಿದ ಒಬ್ಬ ಹಿರಿಯರನ್ನು ‘ಮಕ್ಕಳ ಮಿತ್ರ’ ಎಂದು ಆರಿಸಿಕೊಳ್ಳುತ್ತಿದ್ದರು. ಮೇಲಿನಿಂದ ನೇಮಕವಾದ ರಕ್ಷಣಾ ಸಮಿತಿಗಳು ಇಂದು ಎಷ್ಟೋ ಇವೆ. ರಕ್ಷಕರನ್ನು ಮಕ್ಕಳೇ ಆರಿಸುವ ಈ ಏರ್ಪಾಡಿನಷ್ಟು ವಿವೇಕದ್ದು ಅವುಗಳಲ್ಲಿ ಇನ್ನೊಂದಿಲ್ಲ.

ಕುಂದಾಪುರ ಘೋಷಣೆ

1996ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ಭಾಗದವರೆಗೆ ದುಡಿಯುವ ಮಕ್ಕಳ ಮೊದಲ ಅಂತಾರಾಷ್ಟ್ರೀಯ ಸಮಾವೇಶ ನಡೆದದ್ದು ಕುಂದಾಪುರದಲ್ಲಿ. ಆಫ್ರಿಕಾ, ಲ್ಯಾಟಿನ್ ಅಮೆರಿಕ, ಏಷ್ಯಾಗಳ ಮಕ್ಕಳ ಪ್ರತಿನಿಧಿಗಳು ಒಪ್ಪಿದ ಹತ್ತು ಅಂಶಗಳು ಇಂದಿಗೂ ‘ಕುಂದಾಪುರ ಘೋಷಣೆ’ ಎಂಬ ಹೆಸರಿನಲ್ಲೇ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುತ್ತವೆ. ತಮಗೆ ಸಂಬಂಧಿಸಿದ ಎಲ್ಲ ತೀರ್ಮಾನಗಳಲ್ಲಿ ತಮ್ಮನ್ನು ಕೇಳಬೇಕು. ಬಡತನವೆಂಬ ಮೂಲಕ್ಕೆ ಕೈ ಹಾಕಬೇಕು. ಮಕ್ಕಳು ಪೇಟೆಗೆ ಗುಳೆ ಹೋಗದಂತೆ ಹಳ್ಳಿಯಲ್ಲಿ ಕಾರ್ಯಕ್ರಮಗಳು ಹೆಚ್ಚಬೇಕು. ಶಿಕ್ಷಣ ತಮ್ಮ ಬದುಕಿಗೆ ಹೊಂದಬೇಕು. ಶೋಷಣೆ ಬೇಡ, ಆದರೆ ಓದಿಗೂ ಬಿಡುವಿಗೂ ಅವಕಾಶವಿರುವ ಘನತೆಯ ದುಡಿಮೆಗೆ ತಾವು ವಿರೋಧಿಗಳಲ್ಲ ಎಂಬುದು ಅದರ ತಿರುಳು.

ಕೊನೆಯ ಮಾತು ವಿವಾದಕ್ಕೆ ಕಾರಣವಾಯಿತು. ಶಾಲೆಯ ಹೊರಗಿರುವ ಪ್ರತಿಯೊಂದು ಮಗುವೂ ಬಾಲಕಾರ್ಮಿಕನೇ ಎಂದು ವಾದಿಸಿದ ಅಂದಿನ ಆಂಧ್ರದ ಎಂ. ವೆಂಕಟರಂಗಯ್ಯ ಪ್ರತಿಷ್ಠಾನದ ಶಾಂತಾ ಸಿನ್ಹಾ ಅವರ ಮಾರ್ಗ ಇದಕ್ಕೆ ಎದುರಾದದ್ದು. ದೇಶದ ಕಾನೂನು ನಿಷೇಧದ ಕಡೆಗೇ ಸರಿಯಿತು: ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ ಮಕ್ಕಳನ್ನು ದುಡಿಸುವುದಕ್ಕೆ 2006ರ ಅಕ್ಟೋಬರ್ 10ರಿಂದ ನಿಷೇಧ ಬಂತು, 2016ರ ತಿದ್ದುಪಡಿ 14ರೊಳಗಿನವರ ದುಡಿಮೆಯನ್ನು, ಮನೆಯವರ ಉದ್ಯೋಗದಲ್ಲಿ ನೆರವಾಗುವುದನ್ನು ಮತ್ತು ಕಲಾವಿದರಾಗಿ ದುಡಿಯುವುದನ್ನು ಬಿಟ್ಟು, ಎಲ್ಲೆಡೆ ನಿಷೇಧಿಸಿತು. ಹೋಟೆಲಿನ ಹುಡುಗನ ವಿಷಯದಲ್ಲಿ ನಿಷೇಧವೇ ಸರಿ. ಆದರೆ ಆ ಹುಡುಗನನ್ನು ಒಂದು ಮಾತು ಕೇಳಬೇಕೆಂದು ಮೊದಲು ಹೇಳಿದ ಘೋಷಣೆಯ ಬೆಲೆ ಅದರಿಂದ ತಗ್ಗುವುದಿಲ್ಲ.

ರಾಜ್ಯದ ಆದೇಶ

ಹತ್ತನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ (2002–2007) ಕುಂದಾಪುರ ತಾಲೂಕಿನ 56 ಪಂಚಾಯತ್‌ಗಳ ಮಕ್ಕಳು ತಮ್ಮ ತಮ್ಮ ಊರಿಗೆ ಐದು ವರ್ಷದ ಯೋಜನೆ ಬರೆದರು. 2006ರಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಎಲ್ಲ ಗ್ರಾಮ ಪಂಚಾಯತ್‌ಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸೂಚಿಸಿತು. ಈಚಿನ ವರ್ಷಗಳಲ್ಲಿ ನವೆಂಬರ್‌ನಿಂದ ಜನವರಿವರೆಗಿನ ‘ಮಕ್ಕಳ ಸ್ನೇಹಿ ಗ್ರಾಮ ಪಂಚಾಯತಿ’ ಅಭಿಯಾನದ ಭಾಗವಾಗಿ ಇವು ನಡೆಯುತ್ತವೆ. ಕುಂದಾಪುರದ ಕೆಲಸವನ್ನು ಗುರುತಿಸಿ ನಾರ್ವೆಯ ಸಂಸದರು ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಹೆಸರನ್ನು 2012ರಿಂದ ಮೂರು ವರ್ಷ ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಿದ್ದರು.

ಸರಕಾರ ಎತ್ತಿಕೊಂಡದ್ದು ಸಭೆಯನ್ನು ಮಾತ್ರ. ವರ್ಷವಿಡೀ ಜೀವಂತವಾಗಿರುವ ಚುನಾಯಿತ ಮಕ್ಕಳ ಪಂಚಾಯತ್, ಕಾರ್ಯಪಡೆ ಆದೇಶದೊಳಗೆ ಬರಲಿಲ್ಲ. ಈಗಿನ ಮಕ್ಕಳ ಗ್ರಾಮಸಭೆಗಳು ಸೊರಗಿರುವುದಕ್ಕೆ ಇದೇ ಮುಖ್ಯ ಕಾರಣ. ಪ್ರಶ್ನೆ ಕೇಳಿದ ಹತ್ತನೇ ತರಗತಿಯ ಹುಡುಗಿ ಮರುವರ್ಷ ಬೇರೆ ಊರಿನ ಕಾಲೇಜಿನಲ್ಲಿರುತ್ತಾಳೆ. ಹಿಂದಿನ ಪ್ರಶ್ನೆ ಏನಾಯಿತು ಎಂದು ನೆನಪಿಟ್ಟು ಕೇಳುವ ಪ್ರತಿನಿಧಿ ಯಾರೂ ಇಲ್ಲದಾಗ ಅನುಪಾಲನಾ ವರದಿ ಓದಿದರೂ ಓದದಿದ್ದರೂ ಒಂದೇ.

ಸುರಕ್ಷತೆ: ಕಾಲುಸಂಕ ಮತ್ತು ಹೆದ್ದಾರಿ

ಇಲ್ಲಿಯ ಮಕ್ಕಳ ಸಭೆಗಳಲ್ಲಿ ಹಿಂದಿನಿಂದ ಇಂದಿನವರೆಗೂ ಏಳುವ ಬೇಡಿಕೆ ಕಾಲುಸಂಕದ್ದು. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ ನದಿಗಳು, ದಕ್ಷಿಣಕ್ಕೆ ಸೀತಾ, ಸ್ವರ್ಣಾ, ಇವಕ್ಕೆ ಸೇರುವ ಲೆಕ್ಕವಿಲ್ಲದ ಹಳ್ಳ ತೋಡುಗಳು ಮಳೆಗಾಲದಲ್ಲಿ ಊರನ್ನು ತುಂಡು ತುಂಡು ಮಾಡುತ್ತವೆ. ಎರಡು ದಡಗಳ ನಡುವೆ ಅಡಕೆ ಮರ ಹಾಸಿ ಕಟ್ಟಿದ ಸಂಕ, ಒಂದು ಕಡೆಗೆ ಹಿಡಿಗಂಬಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಆ ಬಳಿಕ ಕರಾವಳಿಯ ಕಾಲುಸಂಕಗಳ ಮಾತು ಸರಕಾರದ ಮಟ್ಟದಲ್ಲಿ ಕೇಳಿಬಂತು. ಇದೇ ಸೀಮೆಯ ಮಕ್ಕಳು ಇಪ್ಪತ್ತು ವರ್ಷಗಳಿಗೂ ಹಿಂದೆ ತಮ್ಮ ನಕ್ಷೆಗಳಲ್ಲಿ ಈ ಸಂಕಗಳನ್ನು ಗುರುತು ಹಾಕಿ ಕೊಡುತ್ತಿದ್ದರು ಎಂಬುದನ್ನು ಆ ಚರ್ಚೆಯ ಜತೆಗೇ ಓದಬೇಕು. ಮಹಾತ್ಮ ಗಾಂಧಿ ಉದ್ಯೋಗ ಖಾತರಿ ಯೋಜನೆಯಲ್ಲಿ ಸಣ್ಣ ಸಂಕ ಕಟ್ಟಲು ಸಾಧ್ಯವಿತ್ತು. ದೊಡ್ಡ ಹಳ್ಳಕ್ಕಾದರೆ ಪಂಚಾಯತಿನ ಹಣ ಸಾಲದೆ ಕಡತ ಮೇಲಕ್ಕೆ ಹೋಗಬೇಕು.

ಇನ್ನೊಂದು ಅಪಾಯ ರಾಷ್ಟ್ರೀಯ ಹೆದ್ದಾರಿ 66. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕುಗಳ ಊರುಗಳನ್ನು ಅದು ಪೂರ್ವ ಪಶ್ಚಿಮವಾಗಿ ಸೀಳಿದೆ. ಶಾಲೆ ಒಂದು ಬದಿಗೆ, ಮನೆ ಇನ್ನೊಂದು ಬದಿಗೆ. 2016ರ ಜೂನ್ 21ರ ಬೆಳಿಗ್ಗೆ ತ್ರಾಸಿ ಬಳಿಯ ಮೊವಾಡಿ ಕ್ರಾಸಿನಲ್ಲಿ ಶಾಲಾ ಮಕ್ಕಳಿದ್ದ ಓಮ್ನಿಗೂ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ಸತ್ತರು. ಗಂಗೊಳ್ಳಿ, ತ್ರಾಸಿಯ ಕಡೆ ಆ ದಿನವನ್ನು ಯಾರೂ ಮರೆತಿಲ್ಲ. ವಾಹನದ ಪರವಾನಿಗೆ ಸಾರಿಗೆ ಇಲಾಖೆಯದು, ರಸ್ತೆ ಹೆದ್ದಾರಿ ಪ್ರಾಧಿಕಾರದ್ದು, ಗಸ್ತು ಪೊಲೀಸರದು. ಒಳಗಿನ ಊರಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲದ್ದರಿಂದಲೇ ಮಕ್ಕಳು ಓಮ್ನಿ, ರಿಕ್ಷಾಗಳಲ್ಲಿ ಒತ್ತಿ ಕೂರುತ್ತಾರೆ ಎಂಬ ಇಡೀ ಚಿತ್ರ ಯಾವ ಇಲಾಖೆಯ ಕಡತದಲ್ಲೂ ಇರುವುದಿಲ್ಲ. ಇವರೆಲ್ಲರನ್ನೂ ಒಂದೇ ಸಭೆಯಲ್ಲಿ ಕೂರಿಸಬಲ್ಲ ಜಾಗ ಗ್ರಾಮಸಭೆ. ಬಸ್ಸಿನ ವೇಳೆ, ತಿರುವಿನ ದೀಪ, ಸರ್ವಿಸ್ ರಸ್ತೆ, ಶಾಲೆಯ ದಾರಿಯ ಮದ್ಯದಂಗಡಿ ಇಂಥ ವಿಷಯಗಳು ಮಕ್ಕಳ ಬಾಯಲ್ಲಿ ಬಂದಾಗ ಅವು ಬಿಡಿ ಬಿಡಿ ದೂರುಗಳಾಗಿರುವುದಿಲ್ಲ, ಒಂದು ಮಗು ದಿನವೂ ನಡೆಯುವ ದಾರಿಯಾಗಿರುತ್ತವೆ.

ಪೊಲೀಸ್ ಮತ್ತು ಮಕ್ಕಳ ರಕ್ಷಣೆ

ಕುಂದಾಪುರ, ಬೈಂದೂರು, ಗಂಗೊಳ್ಳಿ, ಕೊಲ್ಲೂರು, ಶಂಕರನಾರಾಯಣ, ಅಮಾಸೆಬೈಲು, ಕೋಟ, ಬ್ರಹ್ಮಾವರದಲ್ಲಿ ಠಾಣೆಗಳಿವೆ. ಕಡಲ ಕಡೆಗೆ ಗಂಗೊಳ್ಳಿಯಲ್ಲಿ ಕರಾವಳಿ ಕಾವಲು ಪೊಲೀಸ್ ಠಾಣೆ ಇದೆ. 2017ರಿಂದ ಪ್ರತಿ ಬೀಟಿಗೆ ಒಬ್ಬ ಸಿಬ್ಬಂದಿ, ಜತೆಗೆ ನಾಗರಿಕ ಸದಸ್ಯರು ಎಂಬ ಗಸ್ತು ವ್ಯವಸ್ಥೆ ರಾಜ್ಯದಲ್ಲಿದೆ. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಸೇರಿತು. ಮಕ್ಕಳ ವಿಷಯಕ್ಕೆ 2012ರ ಪೋಕ್ಸೊ ಕಾಯ್ದೆ, 2015ರ ಬಾಲನ್ಯಾಯ ಕಾಯ್ದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ, 1098 ಸಹಾಯವಾಣಿ ಇವೆ. ಮಕ್ಕಳ ಸಭೆಗೆ ಬೀಟ್ ಪೊಲೀಸ್ ಬಂದು ಸಹಾಯವಾಣಿಯ ಸಂಖ್ಯೆ ಹೇಳಿಹೋಗುವುದು ಸಾಮಾನ್ಯ. ಹಳೆಯ ಮಕ್ಕಳ ಮಿತ್ರ ಅದಕ್ಕಿಂತ ಹತ್ತಿರದವರು. ದೂರು ಕೊಡುವ ಮೊದಲು ನಂಬಿ ಹೇಳಿಕೊಳ್ಳಲು ಮಗುವಿಗೆ ಪರಿಚಯದ ಮುಖ ಬೇಕು.

ಹದಿನೆಂಟರ ನಂತರ

ಇಲ್ಲಿಯ ಯುವಜನರಿಗೆ ಯುವಕ ಮಂಡಲ, ಯುವತಿ ಮಂಡಲ, ಭಜನಾ ಮಂದಿರ, ಕ್ರೀಡಾ ಸಂಘಗಳ ಬಲವಾದ ಪರಂಪರೆಯಿದೆ. 1975ರಲ್ಲಿ ಆರಂಭವಾದ ಸಾಲಿಗ್ರಾಮ ಮಕ್ಕಳ ಮೇಳ ಯಕ್ಷಗಾನದ ಮೂಲಕ ಎಳೆಯರನ್ನು ಬೆಳೆಸಿದ ಬಗೆ ಪ್ರಸಿದ್ಧ. ಕೋಟತಟ್ಟು ಗ್ರಾಮ ಪಂಚಾಯತ್ ತನ್ನ ನೆಲದ ಶಿವರಾಮ ಕಾರಂತರ ಹೆಸರಿನಲ್ಲಿ ಥೀಮ್ ಪಾರ್ಕ್ ನಡೆಸಿ ವರ್ಷವೂ ಹುಟ್ಟೂರ ಪ್ರಶಸ್ತಿ ಕೊಡುತ್ತದೆ. ಪಂಚಾಯತ್ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿ ಪಂಚಾಯತಿನ ಸುಪರ್ದಿಯಲ್ಲಿವೆ. ಮಾನಸಿಕ ಬೆಂಬಲಕ್ಕೆ ನಿಮ್ಹಾನ್ಸ್ ಜತೆಗೂಡಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಡೆಸುವ ‘ಯುವಸ್ಪಂದನ’ ಉಂಟು. ಆದರೆ ಮಕ್ಕಳ ಸಭೆಯಲ್ಲಿ ಮಾತು ಕಲಿತವರಿಗೆ ಹದಿನೆಂಟು ತುಂಬಿದ ಮೇಲೆ ಲೆಕ್ಕ ಕೇಳುವ ಅಂಥ ವೇದಿಕೆ ಯಾವುದೂ ಕಾದಿರುವುದಿಲ್ಲ. ಸಾಮಾನ್ಯ ಗ್ರಾಮಸಭೆಯಲ್ಲಿ ಹಿರಿಯರ ನಡುವೆ ಅವರು ಹಿಂದಿನ ಸಾಲಿನವರು.

ಮಿತಿಗಳು

ಗ್ರಾಮ ಪಂಚಾಯತಿನ ಹಣಕ್ಕೆ ಮೀರಿದ ಬೇಡಿಕೆ ಹೋಗಬೇಕಾದದ್ದು ತಾಲೂಕು ಮತ್ತು ಜಿಲ್ಲಾ ಪಂಚಾಯತ್‌ಗಳಿಗೆ. 2016ರಲ್ಲಿ ಆಯ್ಕೆಯಾದ ಆ ಸಂಸ್ಥೆಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಆಡಳಿತಾಧಿಕಾರಿ ಇದ್ದರು, ಆ ಕ್ಷೇತ್ರದ ಮತದಾರರಿಗೆ ಉತ್ತರ ಕೊಡಬೇಕಾದ ಸದಸ್ಯರಿರಲಿಲ್ಲ. ಮಕ್ಕಳ ಸಂಕದ ಅರ್ಜಿ ಕೆಳಗಿನ ಮೆಟ್ಟಿಲಿನಿಂದ ಮೇಲೇರುವಾಗ ನಡುವಿನ ಮೆಟ್ಟಿಲುಗಳೇ ಖಾಲಿ.

ಪಟ್ಟಣಗಳ ಸ್ಥಿತಿ ಇನ್ನೂ ಬೇರೆ. ಕುಂದಾಪುರ 23 ವಾರ್ಡುಗಳ ಪುರಸಭೆ; ಸಾಲಿಗ್ರಾಮ ಪಟ್ಟಣ ಪಂಚಾಯತ್; ಬೈಂದೂರು, ಯಡ್ತರೆ ಮೊದಲಾದ ಊರುಗಳು ಸೇರಿ ಬೈಂದೂರು ಪಟ್ಟಣ ಪಂಚಾಯತ್ ಆಗಿದೆ. ಇವು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಅಡಿಗೆ ಬರುತ್ತವೆ. ಆ ಕಾಯ್ದೆಯಲ್ಲಿ ಗ್ರಾಮಸಭೆ ಇಲ್ಲ. ಗ್ರಾಮ ಪಂಚಾಯತ್ ಮೇಲ್ದರ್ಜೆಗೇರಿದ ದಿನವೇ ಆ ಊರಿನ ಮಕ್ಕಳ ಗ್ರಾಮಸಭೆಯೂ ಕೊನೆಗೊಳ್ಳುತ್ತದೆ. ಅಲ್ಲಿಯ ಹುಡುಗಿಗೆ ಬೀದಿದೀಪದ ಮಾತು ಹೇಳಲು ಇರುವವರು ವಾರ್ಡಿನ ಸದಸ್ಯರು ಅಥವಾ ಶಾಲೆಯ ಮುಖ್ಯೋಪಾಧ್ಯಾಯರು. ಉತ್ತರವನ್ನು ದಾಖಲಿಸಿ ಮರುವರ್ಷ ಓದಿ ಹೇಳಬೇಕಾದ ಹೊಣೆ ಇಬ್ಬರಿಗೂ ಇಲ್ಲ.