ಘಟ್ಟ ಹತ್ತಿದ ಉಪ್ಪುನೀರು

1/5
ಕೊಡಗಿಗೆ ಕಡಲಿಲ್ಲ, ಆದ್ರೆ ಕಡಲಿನ ಉಪ್ಪಿನ ನಂಟು ಹಳೇದು. ಗಾಡಿರಸ್ತೆ ಆಗೋ ಮೊದಲು ಇಲ್ಲಿನವರು ಎತ್ತುಗಳ ಬೆನ್ನಿಗೆ ಅಕ್ಕಿ ಹೇರಿಕೊಂಡು ಮಲಬಾರ್ ಕರಾವಳಿಗೆ ಇಳೀತಿದ್ದರು. ವಾಪಸ್ ಬರುವಾಗ ಉಪ್ಪು ತರ್ತಿದ್ದರು. ಕೊಡವ ಮದುವೆಯ ‘ಎತ್ತು ಪೋರಾಟ’ದಲ್ಲಿ ಅಕ್ಕಿ ಹೊತ್ತ ಎತ್ತುಗಳು ಬರೋದನ್ನ ನೀವೂ ನೋಡಿರಬಹುದು.

ಈಗ ಅದೇ ಘಟ್ಟದ ಮೇಲೆ ಕೆಲವರಿಗೆ ಇನ್ನೊಂದು ಆಸೆ: ಮನೆಯಲ್ಲೊಂದು ಉಪ್ಪುನೀರಿನ ಅಕ್ವೇರಿಯಂ. ‘ಮೊದಲು ಯಾವ ಮೀನು ತರಲಿ?’ ಅಂತ ಕೇಳ್ತೀರಾ? ಇತಿಹಾಸ ಕೊಡೋ ಉತ್ತರ ಒಂದೇ. ಮೊದಲು ನೀರು, ಆಮೇಲೆ ಮೀನು.

2/5
1846. ಇಂಗ್ಲೆಂಡಿನ ಆನಾ ಥಿನ್ ಎಂಬಾಕೆ ಟಾರ್ಕ್ವೇ ಕಡಲತೀರದಿಂದ ಜೀವಂತ ಹವಳಗಳನ್ನ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದರು. ಅಲ್ಲಿ ಕಡಲಿಲ್ಲ, ಪಂಪೂ ಇಲ್ಲ. ಹಾಗಾಗಿ ಮನೆಕೆಲಸದಾಕೆ ದಿನಾ ತೆರೆದ ಕಿಟಕಿ ಪಕ್ಕ ನಿಂತು ಆ ನೀರನ್ನ ಅರ್ಧ ಮುಕ್ಕಾಲು ಗಂಟೆ ಎತ್ತಿ ಸುರೀತಿದ್ದಳು, ಥೇಟ್ ನಾವು ಕಾಫಿ ಆರಿಸೋ ಹಾಗೆ! ಮರುವರ್ಷ ಥಿನ್ ಕಡಲ ಸಸ್ಯಗಳನ್ನೂ ಜೊತೆಗಿಟ್ಟರು. ಹವಳಗಳು ವರ್ಷಗಟ್ಟಲೆ ಬದುಕಿದವು.

ನಿಮ್ಮ ಏರ್ ಪಂಪ್ ಮಾಡೋದು ಆ ಹೆಣ್ಣುಮಗಳು ಮಾಡಿದ ಕೆಲಸವನ್ನೇ. ಇತಿಹಾಸದಲ್ಲಿ ಅವಳ ಹೆಸರು ಮಾತ್ರ ಅಷ್ಟಾಗಿ ಕೇಳಿಬರೋದಿಲ್ಲ.

3/5
1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಕಡಲಿಗೆ ಹೋಗದೆ ಕಡಲ ನೀರು ಮಾಡೋ ವಿಧಾನ ಪ್ರಕಟಿಸಿದರು. ಅದರಲ್ಲಿ ಅಡುಗೆ ಉಪ್ಪಿನ ಜೊತೆ ಮೆಗ್ನೀಸಿಯಂ, ಪೊಟ್ಯಾಸಿಯಂ ಲವಣಗಳೂ ಇದ್ದವು. ಬರೀ ಅಡುಗೆ ಉಪ್ಪು ಸಾಲದು, ಅಕ್ವೇರಿಯಂಗೆ ಅಂತಲೇ ಬರೋ ಸಮುದ್ರ ಉಪ್ಪು ಬೇಕು. ಲೀಟರಿಗೆ ಸುಮಾರು 35 ಗ್ರಾಂ, ಅಂದ್ರೆ 100 ಲೀಟರ್ ತೊಟ್ಟಿಗೆ ಮೂರೂವರೆ ಕಿಲೋ. ಉಪ್ಪಿನಂಶ ಅಳೆಯೋಕೆ ಒಂದು ರಿಫ್ರಾಕ್ಟೋಮೀಟರ್ ಇಟ್ಕೊಳ್ಳಿ.

ತೋಟದ ಮನೆಯವರೇ, ಇಲ್ಲಿ ಒಂದು ಎಚ್ಚರಿಕೆ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನ ನಾವು ಕಾಫಿ, ಕಾಳುಮೆಣಸಿಗೆ ಹೊಡೀತೀವಿ. ಅದರಲ್ಲಿರೋದು ಮೈಲುತುತ್ತ, ಅಂದ್ರೆ ತಾಮ್ರ. ತಾಮ್ರ ಸ್ವಲ್ಪ ಸೇರಿದರೂ ಸಿಗಡಿ, ಹವಳ, ಬಸವನಹುಳು ಉಳಿಯಲ್ಲ. ತೋಟದ ಬಾವಿ ನೀರೋ, ಹೆಂಚಿನಿಂದ ಇಳಿದ ಮಳೆನೀರೋ ನೇರ ಹಾಕಬೇಡಿ. ಆರ್‌ಒ ನೀರೇ ಬಳಸಿ.

4/5
ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತೆ. ಅದನ್ನ ನೈಟ್ರೈಟ್, ನೈಟ್ರೇಟ್ ಆಗಿ ಬದಲಿಸೋದು ಬ್ಯಾಕ್ಟೀರಿಯಾ ಅಂತ 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ತೋರಿಸಿದರು. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಜೀವ ತುಂಬಿದ ಹವಳದ ಕಲ್ಲು ಮತ್ತು ಗಾಳಿಗುಳ್ಳೆಯಲ್ಲೇ ತೊಟ್ಟಿ ನಡೆಸೋ ರೀತಿ ಬರೆದರು. ನಮ್ಮಲ್ಲಿ 2001ರಿಂದ ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹಾಗಾಗಿ ಒಣ ಕಲ್ಲು ಇಟ್ಟು, ಬ್ಯಾಕ್ಟೀರಿಯಾ ಬೆಳೆಯೋಕೆ ನಾಲ್ಕರಿಂದ ಆರು ವಾರ ಕಾಯಿರಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು.

ಬಯಲುಸೀಮೆಯವರಿಗೆ ಬೇಸಿಗೆಯಲ್ಲಿ ಚಿಲ್ಲರ್ ಚಿಂತೆ. ಮಡಿಕೇರಿಯ ಚಳಿಗೆ ಬೇಕಾಗಿರೋದು ಹೀಟರ್, 25–26 ಡಿಗ್ರಿಗೆ. ಇನ್ನು ನಮ್ಮ ಮಳೆಗಾಲ ಗೊತ್ತಲ್ಲ, ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೋ! ಬ್ಯಾಟರಿ ಏರ್ ಪಂಪ್ ಇಲ್ಲದೆ ಶುರುಮಾಡಲೇಬೇಡಿ.

5/5
ಈಗ ಮೀನು. ಹಿಂದೆ ಹೊಸ ತೊಟ್ಟಿ ‘ಹದಕ್ಕೆ ಬರಲಿ’ ಅಂತ ಅಗ್ಗದ ಡ್ಯಾಮ್ಸೆಲ್ ಮೀನುಗಳನ್ನ ಆ ಅಮೋನಿಯಾಕ್ಕೆ ಬಿಡ್ತಿದ್ದರು. ಎಷ್ಟೋ ಸಾಯ್ತಿದ್ದವು, ಬದುಕಿದವು ಆಮೇಲೆ ಬಂದ ಮೀನುಗಳನ್ನ ಅಟ್ಟಾಡಿಸ್ತಿದ್ದವು. ಆ ತಪ್ಪು ನಮಗೆ ಬೇಡ.

2003ರ ‘ಫೈಂಡಿಂಗ್ ನೀಮೋ’ ನೋಡಿದ ಮಕ್ಕಳು ನೀಮೋ, ಡೋರಿ ಎರಡೂ ಕೇಳ್ತಾರೆ. ಡೋರಿ ಒಂದಡಿವರೆಗೂ ಬೆಳೆಯೋ ಮೀನು, 100 ಲೀಟರ್ ಅದಕ್ಕೆ ಸೆರೆಮನೆ. ನೀಮೋ, ಅಂದ್ರೆ ಕ್ಲೌನ್ ಮೀನು, ಹ್ಯಾಚರಿಯಲ್ಲಿ ಮರಿ ಮಾಡುತ್ತೆ. ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಆ ತಂತ್ರ ರೂಪಿಸಿದೆ. ಹಾಗಾಗಿ ಮೊದಲಿಗೆ ಹ್ಯಾಚರಿಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಸಾಕು. ‘ಇದು ಎಲ್ಲಿ ಹುಟ್ಟಿದ್ದು?’ ಅಂತ ಅಂಗಡಿಯಲ್ಲಿ ಕೇಳಿ. ಉತ್ತರ ಸಿಗದಿದ್ದರೆ ಬರಿಗೈಲೇ ವಾಪಸ್ ಬನ್ನಿ.

ಉಪ್ಪು ತರೋಕೆ ನಮ್ಮ ಹಿರಿಯರು ದಿನಗಟ್ಟಲೆ ನಡೆದರು. ಮೀನು ತರೋಕೆ ನಾವು ಆರು ವಾರ ಕಾಯಬಾರದಾ?

ನಿಮ್ಮ ತೊಟ್ಟಿ ಈಗ ಯಾವ ಹಂತದಲ್ಲಿದೆ? ಕೆಳಗೆ ಬರೀರಿ 🐠

#ಕೊಡಗು #ಇತಿಹಾಸ #ಉಪ್ಪುನೀರು #ಅಕ್ವೇರಿಯಂ